ದೋಣಿಯ ಚಿತ್ರದ ಕೆಳಗೆ ಬರೆದ ಒಂದು ಸಾಲು

2022ರ ಮಾರ್ಚ್ ತಿಂಗಳ ಮೊದಲ ವಾರ. ಆಗ ನಾನು ಒಂದು ಕನ್ನಡ ದಿನಪತ್ರಿಕೆಯ ಜಮಖಂಡಿ ವರದಿಗಾರನಾಗಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲ್ಲೂಕುಗಳ ಸುದ್ದಿ ನನ್ನ ಪಾಲಿನದು. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಅಷ್ಟು ವರ್ಷಗಳಲ್ಲಿ ನನ್ನ ಮೇಲೆ ಒಂದೂ ಮಾನನಷ್ಟ ಮೊಕದ್ದಮೆ ಬಿದ್ದಿರಲಿಲ್ಲ. ಹೆಸರು, ವಯಸ್ಸು, ಊರು ಮೂರನ್ನೂ ಎರಡೆರಡು ಸಲ ಕೇಳಿ ಬರೆದುಕೊಳ್ಳುವುದು, ಆರೋಪವಿದ್ದರೆ ಎರಡೂ ಕಡೆಯವರನ್ನು ಮಾತನಾಡಿಸುವುದು, ಕಣ್ಣಾರೆ ಕಾಣದ್ದನ್ನು ಕಂಡೆ ಎನ್ನದಿರುವುದು ನನ್ನ ರೂಢಿ. ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದಿ ಪುಟಕ್ಕೆ ಹಾಕುವ ವಿಭಾಗದಲ್ಲಿ, ನನ್ನ ಕಾಪಿಗೆ ಹೆಚ್ಚು ಕೈ ಹಚ್ಚುತ್ತಿರಲಿಲ್ಲ. ಇದರ ಬಗ್ಗೆ ನನಗೆ ಹೆಮ್ಮೆ ಇತ್ತು. ಕೆಳಗೆ ಬರೆದಿರುವುದು ಆ ಹೆಮ್ಮೆಯ ಕಾಲದಲ್ಲಿ ನಡೆದದ್ದು.

ಆ ದಿನ ಮುಧೋಳದಲ್ಲಿ ಕಬ್ಬು ಬೆಳೆಗಾರರ ಒಂದು ಸಭೆ ಇತ್ತು. ಅದನ್ನು ಮುಗಿಸಿಕೊಂಡು ಬನಹಟ್ಟಿಗೆ ಹೋಗಲು ಬೈಕ್‌ನಲ್ಲಿ ಮಹಾಲಿಂಗಪುರದ ದಾರಿ ಹಿಡಿದಿದ್ದೆ. ಊರು ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ರಸ್ತೆ ಬದಿಯ ಚಹಾದಂಗಡಿಯ ಮುಂದೆ ಒಂದು ಡಬಲ್ ಕ್ಯಾಬ್ ಪಿಕಪ್ ನಿಂತಿತ್ತು. ಅದರ ನೆತ್ತಿಯ ಮೇಲೆ ಒಂದು ಮರದ ದೋಣಿ ಮಕಾಡೆ ಮಲಗಿತ್ತು.

ಡಬಲ್ ಕ್ಯಾಬ್ ಎಂದರೆ ಚಾಲಕನ ಹಿಂದೆ ಇನ್ನೊಂದು ಸಾಲು ಸೀಟು ಇರುವ ಪಿಕಪ್. ಐದು ಜನ ಕೂರುತ್ತಾರೆ. ಆ ಸೀಟುಗಳಿಗೆ ಜಾಗ ಬಿಟ್ಟುಕೊಟ್ಟು ಹಿಂದಿನ ತೊಟ್ಟಿ ಮೊಟಕಾಗಿರುತ್ತದೆ. ಹದಿನಾಲ್ಕು ಅಡಿಯ ದೋಣಿ ಆ ತೊಟ್ಟಿಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಇವರು ತೊಟ್ಟಿಯಲ್ಲಿ ಕಬ್ಬಿಣದ ಪೈಪುಗಳ ಒಂದು ಚೌಕಟ್ಟು ನಿಲ್ಲಿಸಿ, ಕ್ಯಾಬಿನ ಮೇಲೆ ಹಳೆಯ ಕೌದಿಗಳನ್ನೂ ಸೈಕಲ್ ಟೈರುಗಳನ್ನೂ ಹಾಸಿ, ಅದರ ಮೇಲೆ ದೋಣಿಯನ್ನು ಬೋರಲು ಹಾಕಿದ್ದರು. ದೋಣಿಯ ಮೂತಿಯಿಂದ ಎರಡು ಹಗ್ಗಗಳು ಮುಂದಿನ ಬಂಪರಿಗೆ ಇಳಿದಿದ್ದವು. ಗಾಡಿ ಓಡುವಾಗ ಗಾಳಿ ದೋಣಿಯ ಹೊಟ್ಟೆಗೆ ಸೇರಿ ಮೇಲೆತ್ತದಂತೆ ಆ ಹಗ್ಗಗಳು ಹಿಡಿಯಬೇಕು. ಅವುಗಳಲ್ಲಿ ಒಂದು ಸಡಿಲವಾಗಿತ್ತು ಎಂದೇ ಅವರು ಅಲ್ಲಿ ನಿಂತದ್ದು.

ಗಾಡಿಯ ಮಾಲೀಕ ಮತ್ತು ಚಾಲಕ ದಸ್ತಗೀರ, ನಲವತ್ತರ ಮೇಲಿನ ಮನುಷ್ಯ. ಹಗ್ಗ ಬಿಗಿಯುತ್ತಲೇ ಅವನು ತನ್ನ ಗಾಡಿಯನ್ನು ತಾನೇ ಬೈಯುತ್ತಿದ್ದ. 'ಐದ ಮಂದಿ ಕುಂದ್ರಾಕ ಜಾಗಾ ಐತ್ರಿ, ಕುಂತವರ ಗಂಟು ಇಡಾಕ ಜಾಗಾ ಇಲ್ಲ' ಎಂದ. ದೋಣಿಯ ಒಡೆಯರು ಅನಗವಾಡಿ ಕಡೆಯವರು. ವಯಸ್ಸು ಐವತ್ತೈದರ ಆಸುಪಾಸು. ದಸ್ತಗೀರ ಅವರನ್ನು ಯಮನಪ್ಪಣ್ಣ ಎಂದು ಕರೆಯುತ್ತಿದ್ದುದರಿಂದ ನನಗೆ ಹೆಸರು ತಿಳಿಯಿತು. ನಾನಾಗಿ ಕೇಳಲಿಲ್ಲ.

ಯಮನಪ್ಪ ಬೆಂಚಿನ ಮೇಲೆ ಚಹಾ ಹಿಡಿದು ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಹೊಳೆ ಬಿಟ್ಟು ದೋಣಿ ರಸ್ತೆಗೆ ಯಾಕೆ ಬಂತು ಎಂದು ನಗುತ್ತ ಕೇಳಿದೆ. ಅವರೂ ನಗುತ್ತಲೇ ಉತ್ತರ ಕೊಟ್ಟರು.

'ನಮ್ಮಲ್ಲೆ ದೋಣಿ ಐತ್ರಿ, ನೀರ ಹಿಂದ ಸರದಾವು. ತಂಗಿ ಊರಾಗ ನೀರ ಅದಾವು, ದೋಣಿ ಇಲ್ಲ. ಅದಕ್ಕ ಒಯ್ಯಾಕತ್ತೇವಿ. ಮಳಿ ಹಿಡದ ಮ್ಯಾಲ ಹೊಳ್ಳಿ ತರ್ತೇವಿ.'

ಬೇಸಿಗೆ ಬಂತೆಂದರೆ ಅನಗವಾಡಿ ಕಡೆ ಹಿನ್ನೀರು ಇಳಿದು ಕೆಸರು ಬೀಳುತ್ತದೆ, ದೋಣಿ ಕೆಲಸವಿಲ್ಲದೆ ಕೂರುತ್ತದೆ. ಅದೇ ಸಮಯಕ್ಕೆ ರಬಕವಿ ಕಡೆಯ ದಡದಲ್ಲಿ ಬ್ಯಾರೇಜು ತಡೆದ ನೀರು ಇನ್ನೂ ನಿಂತಿರುತ್ತದೆ. ತಂಗಿಯ ಗಂಡ ತೀರಿಕೊಂಡ ವರ್ಷವೇ ಅವರ ಹಳೆಯ ದೋಣಿಯೂ ಹೋಯಿತು. ಅಂದಿನಿಂದ ವರ್ಷಕ್ಕೆ ನಾಲ್ಕು ತಿಂಗಳು ಅಣ್ಣನ ದೋಣಿ ತಂಗಿಯ ಕಟ್ಟೆಗೆ, ಅಂದರೆ ಆಕೆ ಜನರನ್ನು ದಾಟಿಸುವ ಹೊಳೆಯ ದಡಕ್ಕೆ. ಪ್ರತಿಯಾಗಿ ಮಳೆಗಾಲದಲ್ಲಿ ತಂಗಿಯ ಮನೆಯ ಇಬ್ಬರು ಅಣ್ಣನ ಬಲೆಯ ಕೆಲಸಕ್ಕೆ. ಹೊಲಗಳಲ್ಲಿ ಒಬ್ಬರಿಗೊಬ್ಬರು ಆಳಾಗಿ ದುಡಿದು ತೀರಿಸುವುದಕ್ಕೆ ನಮ್ಮಲ್ಲಿ ಮುಯ್ಯಿ ಎನ್ನುತ್ತಾರಲ್ಲ, ಇದು ದೋಣಿಯ ಮುಯ್ಯಿ. ಇಷ್ಟನ್ನೂ ಅವರು ಒಂದು ಚಹಾ ಮುಗಿಯುವುದರೊಳಗೆ ನನಗೆ ಹೇಳಿದ್ದರು. ತಂಗಿಯ ಹೆಸರು ಕಾಶವ್ವ ಎಂದೂ, ಆ ಕಟ್ಟೆ ಎಲ್ಲಿದೆ ಎಂದೂ ಹೇಳಿದ್ದರು.

ದೋಣಿಯ ಹಿಂಬದಿ ಗಾಡಿಯಿಂದ ಮೂರು ಅಡಿ ಹೊರಗೆ ಚಾಚಿತ್ತು. ಹೀಗೆ ಹೊರಗೆ ಬಂದ ಸರಕಿನ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಹಿಂದಿನ ಗಾಡಿಯವರಿಗೆ ಅಪಾಯ. ಮಹಾಲಿಂಗಪುರದಲ್ಲಿ ಪೊಲೀಸರು ನಿಲ್ಲಿಸುತ್ತಾರೆ ಎಂದು ನಾನೇ ಎಚ್ಚರಿಸಿದೆ. ಅವರ ಬಳಿ ಕೆಂಪು ಬಟ್ಟೆ ಇರಲಿಲ್ಲ. ಬೈಕ್ ಒರೆಸಲು ನಾನು ಇಟ್ಟುಕೊಂಡಿದ್ದ ಬಟ್ಟೆ ಕೆಂಪು ಬಣ್ಣದ್ದೇ ಆಗಿತ್ತು, ಹೆಂಡತಿಯ ಹಳೆಯ ಸೀರೆಯ ತುಂಡು, ಅಂಚಿಗೆ ಹಳದಿ ಗೆರೆ. ಅದನ್ನು ಕೊಟ್ಟೆ. ಯಮನಪ್ಪ ಅದನ್ನು ದೋಣಿಯ ಹಿಂದಿನ ಕಬ್ಬಿಣದ ಬಳೆಗೆ ಗಂಟು ಹಾಕಿದರು. ಆಮೇಲೆ ಫೋನ್ ತೆಗೆದು ನಾಲ್ಕು ಚಿತ್ರ ತೆಗೆದೆ. ದಸ್ತಗೀರ ಕೂದಲು ಸರಿಮಾಡಿಕೊಂಡು ಬಂಪರಿನ ಬಳಿ ನಿಂತ. ಚಹಾ ನಾನೇ ಕುಡಿಸಿದೆ. ಹೊರಡುವಾಗ ಯಮನಪ್ಪ ಒಂದೇ ಮಾತು ಕೇಳಿದರು.

'ಪೇಪರಿನ್ಯಾಗ ಯಾವತ್ತ ಬರ್ತದ್ರಿ?'

ನಾಳೆ ಇಲ್ಲವೆ ನಾಡಿದ್ದು ಎಂದೆ.

ಮಧ್ಯಾಹ್ನ ಜಮಖಂಡಿಯ ಕಚೇರಿಯಲ್ಲಿ ಕೂತು ಚಿತ್ರಗಳನ್ನು ನೋಡುತ್ತಿದ್ದಾಗ ದೋಣಿಯ ಬದಿಯಲ್ಲಿ ಬಿಳಿ ಬಣ್ಣದ ಅಕ್ಷರಗಳು ಕಂಡವು. ದೋಣಿ ಬೋರಲಾಗಿದ್ದರಿಂದ ಅಕ್ಷರಗಳೂ ತಲೆಕೆಳಗಾಗಿದ್ದವು. ಫೋನ್ ತಿರುಗಿಸಿ ಓದಿದೆ. ಮೀನುಗಾರರಿಗೆ ಸಹಾಯಧನದಲ್ಲಿ ಕೊಟ್ಟ ದೋಣಿ ಎಂಬ ಬರಹ, ಒಂದು ಸಂಖ್ಯೆ, ಕೆಳಗೆ ಮಾರಾಟ ಹಾಗೂ ವರ್ಗಾವಣೆ ನಿಷಿದ್ಧ ಎಂಬ ಸಾಲು.

ಆ ದಿನಗಳಲ್ಲಿ ಹೊಳೆಗೆ ದೋಣಿ ಹಾಕಿ ಕದ್ದು ಮರಳು ತೆಗೆಯುತ್ತಾರೆ ಎಂಬ ದೂರುಗಳು ನನ್ನ ತಾಲ್ಲೂಕುಗಳಿಂದ ಬರುತ್ತಿದ್ದವು. ಸಹಾಯಧನದ ದೋಣಿಗಳೇ ಆ ಕೆಲಸಕ್ಕೆ ಕೈ ಬದಲಾಗುತ್ತಿವೆ ಎಂದು ಯಾರೋ ಹೇಳಿದ್ದರು. ಡೆಸ್ಕಿನವರು ವಾರದಿಂದ ಮರಳಿನ ಕುರಿತ ವರದಿ ಕೇಳುತ್ತಿದ್ದರು. ನನ್ನ ಬಳಿ ದೂರುಗಳಿದ್ದವು, ಚಿತ್ರ ಇರಲಿಲ್ಲ. ಈಗ ಚಿತ್ರ ಸಿಕ್ಕಿತ್ತು.

ಮುಂದೆ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸಂಬಂಧಿಸಿದ ಕಚೇರಿಗೆ ಫೋನ್ ಮಾಡಿದೆ. ಸಹಾಯಧನದ ದೋಣಿಯನ್ನು ನೋಂದಾಯಿಸಿದ ನೀರಿನಿಂದ ಬೇರೆಡೆಗೆ ಒಯ್ಯಲು ಲಿಖಿತ ಅನುಮತಿ ಬೇಕು, ಪರಿಶೀಲಿಸುತ್ತೇವೆ ಎಂದು ಅಲ್ಲಿಯ ಅಧಿಕಾರಿ ಹೇಳಿದರು. ಅದನ್ನು ಬರೆದುಕೊಂಡೆ. ಇನ್ನೊಂದು ಕಡೆಯವರ ಮಾತು ನನ್ನ ಬಳಿ ಆಗಲೇ ಇತ್ತು, ಬೆಳಿಗ್ಗೆ ಹನ್ನೊಂದು ಗಂಟೆಗೆ ಬೆಂಚಿನ ಮೇಲೆ ಕೂತು ಕೇಳಿದ್ದೆ. ಸಂದೇಹವಿದ್ದರೆ ಕಾಶವ್ವನ ಕಟ್ಟೆಗೆ ಹೋಗಿ ನೋಡಬಹುದಿತ್ತು. ನಾನು ಹೋಗಲಿಲ್ಲ. ಕದ್ದು ಮಾರುವವರೂ ತಂಗಿಯ ಊರಿಗೆ ಎಂದೇ ಹೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಯಮನಪ್ಪನ ನಾಲ್ಕು ಮಾತು ವರದಿಯಲ್ಲಿ ಹಾಕಿದರೆ ವರದಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು.

'ಮರಳು ದಂಧೆಗೆ ಸಹಾಯಧನದ ದೋಣಿ?' ಎಂದು ತಲೆಬರಹ ಕೊಟ್ಟೆ. ನಮ್ಮ ವೃತ್ತಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಎಂದರೆ ತಪ್ಪಿಸಿಕೊಳ್ಳಲು ಇಟ್ಟುಕೊಂಡ ಹಿತ್ತಲ ಬಾಗಿಲು. ದೋಣಿ ಯಾರದು ಎಂದು ಬರೆಯಲಿಲ್ಲ. ಕೊನೆಗೆ, ಅಭ್ಯಾಸಬಲದಿಂದ ಎಂಬಂತೆ, ಒಂದು ಸಾಲು ಸೇರಿಸಿದೆ: 'ದೋಣಿ ಸಾಗಿಸುತ್ತಿದ್ದವರು ಪ್ರತಿಕ್ರಿಯೆಗೆ ಸಂಪರ್ಕಕ್ಕೆ ಸಿಗಲಿಲ್ಲ.' ಓದುಗರು ಈ ಸಾಲನ್ನು ದಿನವೂ ಓದುತ್ತಾರೆ. ಹಲವು ಸಲ ಅದು ನಿಜವೇ ಆಗಿರುತ್ತದೆ, ಫೋನ್ ಎತ್ತದವರು ಬಹಳ. ಕೆಲವು ಸಲ ನಾವು ಫೋನ್ ಮಾಡಿರುವುದೇ ಇಲ್ಲ. ಮಾತನಾಡಿಸಿ, ಚಹಾ ಕುಡಿಸಿ, ಆಮೇಲೆ ಸಿಗಲಿಲ್ಲ ಎಂದು ನಾನು ಬರೆದದ್ದು ಅದೊಂದೇ ಸಲ.

ಇನ್ನೊಂದು ಕೆಲಸ ಬಾಕಿ ಇತ್ತು. ಆರಿಸಿದ ಚಿತ್ರದ ಎಡಬದಿಯಲ್ಲಿ ಬೆಂಚಿನ ತುದಿ, ಯಮನಪ್ಪನ ಮೊಣಕಾಲು, ಚಹಾದ ಲೋಟ ಹಿಡಿದ ಅವರ ಕೈ ಬಂದಿದ್ದವು. ಅಷ್ಟನ್ನು ಕ್ರಾಪ್ ಮಾಡಿದೆ. ಚಿತ್ರದ ಬೇಡದ ಭಾಗವನ್ನು ಕತ್ತರಿಸಿ ತೆಗೆಯುವುದಕ್ಕೆ ನಾವು ಹಾಗೆನ್ನುತ್ತೇವೆ. ಬಂಪರಿನ ಬಳಿ ನಿಂತಿದ್ದ ದಸ್ತಗೀರನ ಚಿತ್ರವನ್ನು ಆರಿಸಲೇ ಇಲ್ಲ. ಗಾಡಿ, ಮೇಲೆ ದೋಣಿ, ಹಿಂದೆ ನನ್ನ ಕೆಂಪು ಬಟ್ಟೆ, ಇಷ್ಟೇ ಉಳಿಯಿತು. ಯಾರೂ ಇಲ್ಲದ ರಸ್ತೆಯಲ್ಲಿ ದೂರದಿಂದ ಹಿಡಿದ ಚಿತ್ರದಂತೆ ಅದು ಕಾಣುತ್ತಿತ್ತು.

ಮೂರನೆಯ ದಿನ ವರದಿ ಪ್ರಕಟವಾಯಿತು. ಚಿತ್ರಕ್ಕೆ ಮೂರು ಕಾಲಂ ಕೊಟ್ಟಿದ್ದರು. ಬೆಳಿಗ್ಗೆಯಿಂದ ಹೊಗಳಿಕೆಯ ಫೋನುಗಳು ಬಂದವು. ಸಂಜೆಯೊಳಗೆ ಸಂಬಂಧಿಸಿದ ಕಚೇರಿಯವರು ಚಿತ್ರದಲ್ಲಿದ್ದ ಸಂಖ್ಯೆಯ ಜಾಡು ಹಿಡಿದು ಕಾಶವ್ವನ ಕಟ್ಟೆಯಿಂದ ದೋಣಿಯನ್ನು ಜಪ್ತಿ ಮಾಡಿ ತಮ್ಮ ಆವರಣಕ್ಕೆ ತಂದರು. ಅನುಮತಿ ಪತ್ರ ಇರಲಿಲ್ಲ ಎಂಬುದು ನಿಜ. ಅಂಥದ್ದೊಂದು ಪತ್ರ ಬೇಕು ಎಂದು ಆ ಅಣ್ಣತಂಗಿಗೆ ಗೊತ್ತಿರಲಿಲ್ಲ ಎಂಬುದೂ ನಿಜ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಅವರು ನಿಯಮದಂತೆ ನಡೆದರು. ಮರುದಿನ ನಾನು ಇನ್ನೊಂದು ಸುದ್ದಿ ಕಳಿಸಿದೆ. ಅದರ ನೆತ್ತಿಯ ಮೇಲೆ 'ವರದಿ ಫಲಶ್ರುತಿ' ಎಂಬ ಪಟ್ಟಿ ಇತ್ತು.

ಹತ್ತೊಂಬತ್ತು ದಿನ ಕಳೆಯಿತು. ಮಾರ್ಚ್ ಕೊನೆಯ ವಾರದ ಒಂದು ಮುಂಜಾನೆ ಚಿಮ್ಮಡದಿಂದ ಪರಿಚಿತರೊಬ್ಬರು ಫೋನ್ ಮಾಡಿ, ಹೊಳೆಯಲ್ಲಿ ಕಡಾಯಿ ಮಗುಚಿದೆ, ಹೆಂಗಸರು ಇದ್ದರಂತೆ ಎಂದರು. ಕಡಾಯಿ ಎಂದರೆ ಬೆಲ್ಲದ ಗಾಣದಲ್ಲಿ ಕಬ್ಬಿನ ಹಾಲು ಕುದಿಸುವ ದೊಡ್ಡ ಕಬ್ಬಿಣದ ಪಾತ್ರೆ. ಅಗಲವಾಗಿ, ಆಳವಿಲ್ಲದೆ ಇರುತ್ತದೆ. ನೆರೆ ಬಂದಾಗ ನಮ್ಮ ಕಡೆ ಜನ ಅದರಲ್ಲಿ ಕೂತು ನೀರು ದಾಟಿದ್ದುಂಟು. ಅದಕ್ಕೆ ಮುಂದು ಹಿಂದು ಇಲ್ಲ, ಹುಟ್ಟು ಹಾಕಿದ ಕಡೆ ಹೋಗುವುದಿಲ್ಲ, ಗಿರಗಿರನೆ ತಿರುಗುತ್ತದೆ. ಯಾರಾದರೂ ಹಿಂದಿನಿಂದ ನೀರಿನಲ್ಲಿ ಈಜುತ್ತ ತಳ್ಳಬೇಕು.

ನಾನು ಕಟ್ಟೆಗೆ ಹೋದಾಗ ಒಂಬತ್ತೂವರೆ. ಯಮನಪ್ಪ ಚಹಾದಂಗಡಿಯಲ್ಲಿ ಹೇಳಿದ್ದ ಕಟ್ಟೆಯೇ ಅದು ಎಂದು ದಾರಿಯಲ್ಲೇ ಗೊತ್ತಾಗಿತ್ತು. ಎದುರಿಗೆ ಹೊಳೆಯ ನಡುವೆ ಹೊಲಗಳಿರುವ ಒಂದು ನಡುಗಡ್ಡೆ. ಅಲ್ಲಿಗೆ ಕಳೆ ತೆಗೆಯಲು ಹೋಗುವ ಹೆಂಗಸರನ್ನು ಕಾಶವ್ವ ದಿನವೂ ದಾಟಿಸುತ್ತಿದ್ದರು. ಕಡಾಯಿಯಲ್ಲಿ ಅಂದು ಐವರು ಇದ್ದರು. ದಡದಿಂದ ಹತ್ತು ಮಾರು ಇರುವಾಗ ಅದು ವಾಲಿ ನೀರು ತುಂಬಿಕೊಂಡಿದೆ. ಎದೆಮಟ್ಟದ ನೀರು, ಐವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ದಡ ಸೇರಿದ್ದರು. ಒದ್ದೆ ಸೀರೆಯಲ್ಲೇ ಬಿಸಿಲಿಗೆ ಕೂತಿದ್ದ ಒಬ್ಬ ಹಿರಿಯ ಹೆಂಗಸು ನನಗೆ ಎಲ್ಲವನ್ನೂ ಹೇಳಿದರು. ಹಿಂದಿನಿಂದ ತಳ್ಳುತ್ತಿದ್ದವರು ಕಾಶವ್ವ. ಕಡಾಯಿ ಕೈಬಿಟ್ಟು ಹೋಗದಿರಲಿ ಎಂದು ಅದರ ಹಿಡಿಕೆಯ ಬಳೆ ಹಿಡಿದು ದಡಕ್ಕೆ ಎಳೆಯುವಾಗ, ಕಬ್ಬಿಣಕ್ಕೂ ಕಟ್ಟೆಯ ಮೆಟ್ಟಿಲ ಕಲ್ಲಿಗೂ ನಡುವೆ ಅವರ ಬಲಗೈ ಸಿಕ್ಕಿತ್ತು. ಆಸ್ಪತ್ರೆಗೆ ಒಯ್ದಿದ್ದರು.

ಕಡಾಯಿಯಲ್ಲಿ ಯಾಕೆ ಹೊರಟಿರಿ ಎಂದು ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು.

'ದೋಣಿ ಒಯ್ದ ಮ್ಯಾಲ ಕಡಾಯಿನ ಗತಿ ಆತ್ರಿ' ಎಂದರು ಆಕೆ. 'ಯಾರೋ ಪೇಪರಿನವರು ಅದನ್ನ ಕಳ್ಳದೋಣಿ ಅಂತ ಬರದ್ರಂತ. ಕಾಶವ್ವಗ ಕಳ್ಳತನ ಬರತಿದ್ರ ನಮ್ಮನ್ಯಾಕ ದಾಟಸ್ತಿದ್ಲರಿ, ಸುಖದಾಗ ಇರ್ತಿದ್ಲು.'

ಸುತ್ತಲಿದ್ದವರು ಸಣ್ಣಗೆ ನಕ್ಕರು. ಆಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ದಿನದ ನನ್ನ ನೋಟ್‌ಬುಕ್ಕಿನ ಪುಟ ಇನ್ನೂ ಇದೆ. ಐವರ ಹೆಸರು, ವಯಸ್ಸು, ಊರು ಕ್ರಮವಾಗಿ ಇವೆ. ಅದರ ಕೆಳಗೆ 'ದೋಣಿ' ಎಂದು ಬರೆದು ನಿಲ್ಲಿಸಿದ್ದೇನೆ.

ಆಸ್ಪತ್ರೆಗೆ ಹೋಗದೆ ಸುದ್ದಿ ಕಳಿಸಬಹುದಿತ್ತು. ಹಾಗೆ ಯೋಚಿಸಿದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಮಧ್ಯಾಹ್ನ ಹೋದೆ. ಕಾಶವ್ವ ಮಂಚದ ಮೇಲೆ ಒರಗಿ ಕೂತಿದ್ದರು. ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ಎರಡು ಬೆರಳು ಉಳಿಯಲಿಲ್ಲ ಎಂದು ನರ್ಸ್ ಹೊರಗೆ ಹೇಳಿದ್ದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಯಮನಪ್ಪ ಇದ್ದರು. ಸುದ್ದಿ ತಿಳಿದು ಅನಗವಾಡಿಯಿಂದ ಬಂದಿದ್ದರು. ನನ್ನನ್ನು ನೋಡಿದ ಕೂಡಲೇ ಅವರು ಎದ್ದು ನಿಂತು ಸ್ಟೂಲನ್ನು ನನ್ನ ಕಡೆ ಸರಿಸಿದರು. ಗುರುತು ಹಿಡಿದೇ ಹಾಗೆ ಮಾಡಿದರು ಎಂಬುದು ಅವರ ಮೊದಲ ಮಾತಿನಲ್ಲಿ ತಿಳಿಯಿತು.

'ನೀವ ಅಲ್ರಿ, ಅವತ್ತ ಚಾ ಕುಡಿಸಿದವ್ರು?'

ಹೌದು ಎಂದೆ. ಕೂರಲಿಲ್ಲ.

'ಎರಡ ಪೇಪರ ತಗೊಂಡಿದ್ನಿರಿ. ಒಂದ ಈಕಿಗೆ ಕೊಡೂಣು ಅಂತ. ನನಗ ಓದಾಕ ಬರೂದಿಲ್ಲ. ಬೀಳಗಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಮಾಸ್ತರ ಕಡೆ ಓದಿಸಿದ್ನಿ. ಕಡೀಕ, ಇವರು ಸಿಗಲಿಲ್ಲ ಅಂತ ಐತಿ ಅಂದ್ರು. ನಾ ಅಂದ್ನಿ, ಇನ್ನೊಮ್ಮಿ ಓದ್ರಿ. ಇನ್ನೊಮ್ಮಿನೂ ಹಂಗ ಇತ್ತು.' ಆಮೇಲೆ ಹೇಳಿದರು: 'ನಾ ನಿಮ್ಮ ಬಾಜೂಕ ಕುಂತಿದ್ನೆಲ್ರಿ.'

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಒಂದು ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯದವರು ಕೇಳುವ ಹಾಗೆ ಇತ್ತು. ನಾನು ಏನು ಹೇಳಿದ್ದರೂ ಅದೂ ಸುಳ್ಳೇ ಆಗುತ್ತಿತ್ತು.

ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುತ್ತಿದ್ದ ಕಾಶವ್ವ ತಿರುಗಿದರು.

'ಬಿಡಣ್ಣಾ. ಪೇಪರಿನವರ, ಅವತ್ತ ನಾವು ಸಿಗಲಿಲ್ಲಂತ. ಇವತ್ತ ಇಬ್ಬರೂ ಸಿಕ್ಕೇವಿ. ಬರಕೋರಿ.'

ನಾನು ನೋಟ್‌ಬುಕ್ ತೆಗೆದೆ. ಹೆಸರು ಕೇಳಿದೆ, ಕಾಶವ್ವ ಎಂದರು. ವಯಸ್ಸು ಕೇಳಿದೆ, ನಲವತ್ತೆಂಟು ಎಂದರು. ಎರಡನೆಯ ಸಲ ಕೇಳುವ ರೂಢಿಯಂತೆ ಮತ್ತೆ ಕೇಳಿದೆ. 'ಈಗ ಹೇಳಿದ್ನೆಲ್ರಿ' ಎಂದರು.

ಅಲ್ಲಿಂದ ನೇರವಾಗಿ ದೋಣಿ ಜಪ್ತಿ ಮಾಡಿದ ಕಚೇರಿಗೆ ಹೋದೆ. ದೋಣಿಯ ಮಾಲೀಕರು ಅದನ್ನು ಮಾರಾಟಕ್ಕೆ ಒಯ್ಯುತ್ತಿರಲಿಲ್ಲ, ಅದು ಎಲ್ಲಿಗೆ, ಯಾಕೆ ಹೋಗುತ್ತಿದೆ ಎಂದು ಅಂದೇ ನನಗೆ ತಿಳಿಸಿದ್ದರು ಎಂದು ಅಧಿಕಾರಿಗೆ ಹೇಳಿದೆ. ಅವರು ಮೇಜಿನ ಮೇಲಿದ್ದ ಕಡತ ತೆರೆದರು. ಅದರಲ್ಲಿ ಮೊದಲ ಹಾಳೆಯೇ ನನ್ನ ವರದಿಯ ಕತ್ತರಿಸಿದ ತುಂಡು.

'ಹಂಗಾದ್ರ ನೀವು ಅವರನ್ನ ಭೆಟ್ಟಿ ಆಗಿದ್ರೇನು? ಇಲ್ಲಿ ಸಿಗಲಿಲ್ಲ ಅಂತ ಐತೆಲ್ರಿ ಸರ' ಎಂದರು.

ಭೇಟಿಯಾಗಿದ್ದೆ ಎಂದೆ. ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. ಬರೆದು ಸಹಿ ಮಾಡಿದೆ. ಇಪ್ಪತ್ತಾರು ವರ್ಷಗಳಲ್ಲಿ ನನ್ನದೇ ವರದಿಯ ವಿರುದ್ಧ ನಾನು ಕೊಟ್ಟ ಹೇಳಿಕೆ ಅದೊಂದೇ. ಹೊರಗೆ ಬಂದಾಗ ಆವರಣದ ಮೂಲೆಯಲ್ಲಿ ದೋಣಿ ಕಂಡಿತು. ನೆರಳಿಲ್ಲದ ಜಾಗದಲ್ಲಿ ಎರಡು ಕಲ್ಲುಗಳ ಮೇಲೆ ಬೋರಲು ಹಾಕಿದ್ದರು. ನನ್ನ ಕೆಂಪು ಬಟ್ಟೆ ಇನ್ನೂ ಬಳೆಯಲ್ಲೇ ಇತ್ತು.

ಹೇಳಿಕೆ ಕೊಟ್ಟ ಮೇಲೂ ಕಡತ ಮೇಲಿನ ಕಚೇರಿಗೆ ಹೋಗಿ ಬರಬೇಕಾಯಿತು. ದೋಣಿ ಆ ಬಿಸಿಲಿನಲ್ಲಿ ಒಟ್ಟು ನಲವತ್ತೊಂದು ದಿನ ಇತ್ತು. ಏಪ್ರಿಲ್ ಮೂರನೆಯ ವಾರ ಬಿಡುಗಡೆಯಾದಾಗ ದಸ್ತಗೀರ ತನ್ನ ಡಬಲ್ ಕ್ಯಾಬ್ ತಂದ. ದೋಣಿ ಎತ್ತಲು ಆರು ಜನ ಬೇಕು, ಐವರು ಇದ್ದರು. ನಾನು ಆರನೆಯವನಾದೆ. ಯಾರೂ ಕರೆಯಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಹೆಗಲಿಗೆ ಬಂದಾಗಲೇ ಅದರ ಸ್ಥಿತಿ ತಿಳಿಯಿತು. ಹಲಗೆಗಳ ನಡುವೆ ಬೀಡಿ ತೂರುವಷ್ಟು ಸಂದು ಬಿಟ್ಟಿತ್ತು. ಸಂದುಗಳಿಗೆ ತುಂಬಿದ್ದ ಅರಳೆ ಮತ್ತು ಡಾಂಬರು ಒಣಗಿ ಉದುರುತ್ತಿತ್ತು. ಯಮನಪ್ಪ ಸಂದಿನೊಳಗೆ ಕಣ್ಣಿಟ್ಟು ನೋಡಿದರು.

'ಕಟಿಗಿ ನೀರಾಗ ಇದ್ರ ಮುದಕ ಆಗೂತನಕ ಬಾಳತೈತ್ರಿ. ಬಿಸಲಾಗ ಒಂದ ಬ್ಯಾಸಗಿಗೆ ಸಾಯ್ತೈತಿ' ಎಂದರು.

ಕೌದಿ ಹಾಸಿ, ಹಗ್ಗ ಬಿಗಿದು ಮುಗಿದಾಗ ದಸ್ತಗೀರ ನನ್ನ ಜೇಬಿನ ಕಡೆ ನೋಡಿದ. 'ಈ ಸಲ ಫೋಟೋ ಬ್ಯಾಡ್ರೆಪಾ' ಎಂದ. ಉಳಿದವರು ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

ಕಟ್ಟೆಗೆ ಒಯ್ದು ನೀರಿಗೆ ಇಳಿಸಿದ ಕೂಡಲೇ ದೋಣಿ ತುಂಬಿಕೊಂಡಿತು. ಅದು ಅವರಿಗೆ ಗೊತ್ತಿದ್ದದ್ದೇ. ಒಣಗಿದ ದೋಣಿಯನ್ನು ಸರಿಮಾಡುವ ಕ್ರಮವೇ ಹಾಗೆ. ಅದರೊಳಗೆ ಕಲ್ಲು ಹೇರಿ ಪೂರ್ತಿ ಮುಳುಗಿಸಿಡುತ್ತಾರೆ. ಮರ ನೀರು ಕುಡಿದು ಉಬ್ಬಿ ತಾನಾಗಿ ಸಂದು ಮುಚ್ಚಿಕೊಳ್ಳಬೇಕು. ಎಂಟು ದಿನ ಮುಳುಗಿಸಿ ಇಟ್ಟರು. ಬಹುಪಾಲು ಸಂದುಗಳು ಕೂಡಿಕೊಂಡವು. ತಳದ ಎರಡು ಹಲಗೆಗಳು ಕೂಡಲಿಲ್ಲ, ಅವನ್ನು ಬದಲಿಸಬೇಕಾಯಿತು. ಅಷ್ಟರಲ್ಲಿ ಮೇ ಬಂದಿತ್ತು, ಹೊಳೆ ಇಳಿದಿತ್ತು, ನಡುಗಡ್ಡೆಗೆ ಜನ ನಡೆದೇ ಹೋಗುತ್ತಿದ್ದರು. ಆ ವರ್ಷ ದೋಣಿ ತಂಗಿಯ ಕಟ್ಟೆಯಲ್ಲಿ ದುಡಿದದ್ದು ಜಪ್ತಿಗೆ ಮುಂಚಿನ ಎರಡೇ ದಿನ.

ಬೆರಳುಗಳಿಗೆ ಅಂಥ ಕ್ರಮ ಇಲ್ಲ. ದೋಣಿ ತಳ್ಳುವ ಬಿದಿರಿನ ಗಳ ಕಾಶವ್ವನ ಬಲಗೈಯಲ್ಲಿ ಈಗ ನಿಲ್ಲುವುದಿಲ್ಲ, ಜಾರುತ್ತದೆ. ಮುಂದಿನ ಬೇಸಿಗೆಯಿಂದ ಅವರ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ, ಗಳ ಹಿಡಿದರು. ಕಾಶವ್ವ ದೋಣಿಯ ಮೂತಿಯಲ್ಲಿ ಕೂತು ಆಳ ಎಲ್ಲಿ, ಕಲ್ಲು ಎಲ್ಲಿ ಎಂದು ಹೇಳುತ್ತಾರೆ.

ಪತ್ರಿಕೆಯಲ್ಲಿ ತಿದ್ದುಪಡಿ ಬರಬೇಕು ಎಂದು ಡೆಸ್ಕಿಗೆ ಕೇಳಿದ್ದೆ. ವರದಿಯ ಯಾವ ವಾಕ್ಯ ತಪ್ಪು ಎಂದು ಮುಖ್ಯ ಉಪಸಂಪಾದಕರು ಕೇಳಿದರು. ಅನುಮತಿ ಇರಲಿಲ್ಲ, ಅದು ಸರಿ. ಅಧಿಕಾರಿ ಹಾಗೆ ಹೇಳಿದ್ದರು, ಅದೂ ಸರಿ. ತಲೆಬರಹದಲ್ಲಿ ಪ್ರಶ್ನೆ ಇದೆ, ಆರೋಪ ಇಲ್ಲ. ಕೊನೆಯ ಸಾಲು ಸುಳ್ಳು ಎಂದು ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಾರಾಟಕ್ಕೆ ಅಲ್ಲ ಎಂದು ನಂತರ ತಿಳಿದುಬಂದಿದೆ ಎಂದೆ. ಒಳಪುಟದಲ್ಲಿ ಮೂರು ಸಾಲಿನ ಸ್ಪಷ್ಟನೆ ಬಂತು, 'ನಂತರ ತಿಳಿದುಬಂದಿದೆ' ಎಂಬ ಪದಗಳೊಂದಿಗೆ. ಹೀಗೆ ಒಂದು ಸುಳ್ಳನ್ನು ತಿದ್ದಲು ಹೋಗಿ ಇನ್ನೊಂದನ್ನು ಅಚ್ಚು ಹಾಕಿಸಿದೆ. ಕಚೇರಿಯ ಕಡತದಲ್ಲಿರುವ ಬಿಳಿ ಹಾಳೆಯನ್ನು ಬಿಟ್ಟರೆ ನಿಜವನ್ನು ಪೂರ್ತಿ ಬರೆಯುತ್ತಿರುವುದು ಈ ಪುಟಗಳಲ್ಲೇ.

ಆ ವರ್ಷ ಮಳೆ ಹಿಡಿದು ಹಿನ್ನೀರು ಮತ್ತೆ ಏರಿದ ಮೇಲೆ, ಜುಲೈನ ಒಂದು ಬೆಳಿಗ್ಗೆ ಮಹಾಲಿಂಗಪುರದಿಂದ ಮುಧೋಳಕ್ಕೆ ಹೋಗುತ್ತಿದ್ದೆ. ಅದೇ ಚಹಾದಂಗಡಿಯ ಮುಂದೆ ಅದೇ ಗಾಡಿ ನಿಂತಿತ್ತು, ಮೇಲೆ ದೋಣಿ. ಅನಗವಾಡಿಗೆ ವಾಪಸ್ ಹೊರಟಿತ್ತು. ನಿಲ್ಲಿಸದೆ ಹೋಗಬೇಕು ಎನ್ನಿಸಿತು. ನಿಲ್ಲಿಸಿದೆ. ಯಮನಪ್ಪ ಕ್ಯಾಬಿನ ಹಿಂದಿನ ಸೀಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಅದರಿಂದ ನನ್ನ ಕೆಂಪು ಬಟ್ಟೆಯನ್ನು ತೆಗೆದರು. ತೊಳೆದು ನಾಲ್ಕು ಮಡಿಕೆ ಮಾಡಿದ್ದರು. ಒಂದು ಬದಿ ಬಿಸಿಲಿಗೆ ಬಿಳಚಿ ನಸುಗೆಂಪಾಗಿತ್ತು, ಹಳದಿ ಗೆರೆ ಉಳಿದಿತ್ತು.

'ನಿಮ್ಮ ಅರಿವಿ, ತಗೋರಿ' ಎಂದರು.

ದಾರಿ ಇನ್ನೂ ಉದ್ದ ಇದೆ, ದೋಣಿಗೆ ಬೇಕಾಗುತ್ತದೆ, ಇರಲಿ ಎಂದೆ.

'ಬ್ಯಾಡ್ರಿ. ನಮ್ಮದು ನಾವ ತಂದೇವಿ.'

ದೋಣಿಯ ತುದಿಯಲ್ಲಿ ಹೊಸ ಕೆಂಪು ಬಟ್ಟೆ ಕಟ್ಟಿತ್ತು. ಕ್ಯಾಬಿನ ಗಾಜಿನ ಒಳಗೆ, ಕಾಣುವ ಹಾಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಅನುಮತಿ ಪತ್ರ ಇಟ್ಟಿದ್ದರು. ಚಹಾ ಹೇಳಲೇ ಎಂದು ಕೇಳಿದೆ. ಆಗಲೇ ಕುಡಿದೆವು ಎಂದರು. ಬೆಂಚಿನ ಮೇಲೆ ಲೋಟ ಇರಲಿಲ್ಲ.

ಉಳಿದ ಎರಡು ವರ್ಷ ನಾನು 'ಸಂಪರ್ಕಕ್ಕೆ ಸಿಗಲಿಲ್ಲ' ಎಂಬ ಸಾಲನ್ನು ಬರೆಯುವ ಮೊದಲು ಆ ವ್ಯಕ್ತಿಯ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಕೆಲವು ಸುದ್ದಿಗಳು ತಡವಾದವು, ಕೆಲವು ಬೇರೆ ಪತ್ರಿಕೆಗಳಲ್ಲಿ ಮೊದಲು ಬಂದವು, ಕೆಲವು ಬಾಗಿಲಿಗೆ ಹೋದ ಮೇಲೆ ಸುದ್ದಿಯೇ ಆಗಿ ಉಳಿಯಲಿಲ್ಲ. ಈ ಕೆಲಸದಲ್ಲಿ ತಪ್ಪು ಮಾಹಿತಿ ಬರೆಯುವುದಕ್ಕಿಂತ, ಕೈಯಲ್ಲಿರುವ ಸರಿಯಾದ ಮಾಹಿತಿಯನ್ನು ಅಡ್ಡ ಬರುತ್ತದೆ ಎಂದು ಬದಿಗಿಡುವುದು ಸುಲಭ. ಅದನ್ನು ಯಾವ ಡೆಸ್ಕೂ ಹಿಡಿಯಲಾರದು.

ಕತ್ತರಿಸದ ಚಿತ್ರ ನನ್ನ ಫೋನಿನಲ್ಲಿ ಇನ್ನೂ ಇದೆ. ಗಾಡಿ, ಅದರ ಮೇಲೆ ಬೋರಲು ದೋಣಿ, ಎಡಬದಿಯಲ್ಲಿ ಬೆಂಚಿನ ತುದಿ, ಒಂದು ಮೊಣಕಾಲು, ಚಹಾದ ಲೋಟ ಹಿಡಿದ ಕೈ. ಕೆಳಗೆ ಬರೆಯಬೇಕಾಗಿದ್ದ ಸಾಲು ಇಷ್ಟೇ. ದೋಣಿಯ ಒಡೆಯರ ಹೆಸರು ಯಮನಪ್ಪ, ಊರು ಅನಗವಾಡಿ ಕಡೆ. ಅವರು ಸಿಕ್ಕಿದ್ದರು.